ಬೊಂತೆಯ ಮೇಲ್ಪದರ

ಬೊಂತೆ ಹೊಲಿಯುವುದು ನಮ್ಮ ಮನೆಯಲ್ಲಿ ನನ್ನೊಬ್ಬಳಿಗೇ ಬರುತ್ತಿತ್ತು. ಹಳೆಯ ಹತ್ತಿ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ ಹೋಗಬೇಕು. ಉತ್ತರದ ಕಡೆಯವರು ಇದನ್ನೇ ಕೌದಿ ಅನ್ನುತ್ತಾರೆ. ಈಗ ಅಪಾರ್ಟ್‌ಮೆಂಟಿನವರು ಗೋಡೆಗೆ ನೇತುಹಾಕಿ ಫೋಟೋ ತೆಗೆಯುತ್ತಾರೆ. ಹೊದ್ದು ಮಲಗಲು ಅವರಿಗೆ ಪುರುಸೊತ್ತಿಲ್ಲ. ನಾನು ದುಡ್ಡಿಗೆ ಹೊಲಿದವಳಲ್ಲ. ತೀರಾ ಬೇಕಾದ ಗೆಳತಿಯರಿಗೆ ಮಾತ್ರ, ಅದೂ ಅವರ ಮನೆಯ ಬಟ್ಟೆಯನ್ನೇ ಕೇಳಿ ತರಿಸಿಕೊಂಡು ಹೊಲಿಯುತ್ತಿದ್ದೆ. ಮಲಗುವವರ ಮೈಗೆ ಅವರದೇ ಮನೆಯ ಬಟ್ಟೆ ತಾಗಬೇಕು ಎಂಬುದು ನಮ್ಮವ್ವ ಇಟ್ಟುಕೊಂಡಿದ್ದ ಕಟ್ಟುಪಾಡು.

ಅಂಥ ಗೆಳತಿಯರಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವಳು ಚಂದಾಪುರದಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು. ಗಂಡನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಅವನಿಗೆ ರಾತ್ರಿ ಪಾಳಿ ಬಂದಾಗಲೆಲ್ಲ ಮಗಳನ್ನು ಎತ್ತಿಕೊಂಡು ಕೆಳಗಿಳಿದು ಬಂದು ನನ್ನ ಬೊಂತೆಯ ಮೇಲೇ ಮಲಗುತ್ತಿದ್ದಳು. ಆ ಮಗು ಎಷ್ಟೋ ದಿನ ನನ್ನ ಕೈತುತ್ತೇ ತಿಂದಿದೆ. ಅಕ್ಕಾ ಅನ್ನದೆ ಅವಳು ಒಂದು ಮಾತೂ ಶುರು ಮಾಡುತ್ತಿರಲಿಲ್ಲ. ನನಗೆ ಒಡಹುಟ್ಟಿದವರಿಲ್ಲ, ಆ ಕರೆಗೆ ನಾನು ಕರಗಿಹೋಗಿದ್ದೆ.

ಆಮೇಲೆ ಅವರು ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಫ್ಲ್ಯಾಟ್ ಕೊಂಡರು. ಗೃಹಪ್ರವೇಶಕ್ಕೆ ಕೊಡಲೆಂದು ನಾನು ಆನೇಕಲ್ ಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದೆ. ರೇಷ್ಮೆ ಉಟ್ಟರೆ ಅವಳಿಗೆ ಮೈಯೆಲ್ಲ ಬೆವರು, ಅದು ನನಗೆ ಗೊತ್ತಿತ್ತು. ಕೊನೆಗೆ ಗಿಣಿಹಸಿರು ಬಣ್ಣದ, ಕೆಂಪು ಅಂಚಿನ ನುಣುಪಾದ ಹತ್ತಿ ಸೀರೆ ಸಿಕ್ಕಿತು. ಅಂಥದ್ದನ್ನು ನಾನೇ ಉಟ್ಟವಳಲ್ಲ. ಸೆರಗಿನ ತುದಿಗೆ ಅರಿಶಿನ ಕುಂಕುಮ ಹಚ್ಚಿ ಅವಳ ಕೈಗಿಟ್ಟೆ.

ಹೊಸ ಮನೆಯ ನೆಲ ಕಾಲಿಟ್ಟರೆ ಕೊರೆಯುತ್ತದೆ ಎಂದು ಮುಂದೊಂದು ದಿನ ಫೋನಿನಲ್ಲಿ ಗೋಳಾಡಿದಳು. "ಹಳೇ ಸೀರೆ ಇದ್ರೆ ಕಳ್ಸು, ಬೊಂತೆ ಹೊಲ್ದು ಕೊಡ್ತೀನಿ" ಅಂದೆ. "ಅಯ್ಯೋ ಅಕ್ಕಾ, ನಿಮ್ಗ್ಯಾಕೆ ತೊಂದ್ರೆ" ಅಂದವಳು ಮರುವಾರವೇ ಗಂಡನ ಕೈಯಲ್ಲಿ ದೊಡ್ಡ ಗಂಟು ಕಳಿಸಿದಳು.

ನಡುಮನೆಯಲ್ಲಿ ಕೂತು ಬಿಚ್ಚಿದೆ. ಸವೆದ ಸೀರೆ, ಹರಿದ ಪಂಚೆ, ದಿಂಬಿನ ಚೀಲ. ಅವುಗಳ ಅಡಿಯಲ್ಲಿ ನನ್ನ ಗಿಣಿಹಸಿರು ಸೀರೆ. ಅಂಗಡಿಯವನು ಮಡಿಸಿದ ಮಡಿಕೆ ಬಿಚ್ಚಿರಲಿಲ್ಲ, ಫಾಲ್ ಹಾಕಿಸಿರಲಿಲ್ಲ. ಸೆರಗಿನ ತುದಿಯಲ್ಲಿ ನಾನು ಹಚ್ಚಿದ ಕುಂಕುಮ ಹಾಗೇ ಒಣಗಿ ಕೂತಿತ್ತು.

ಬೇರೆ ಯಾರಿಗಾದರೂ ಉಡುಗೊರೆ ಅಂತ ದಾಟಿಸಿದ್ದರೆ ಸಹಿಸುತ್ತಿದ್ದೆ; ಎಲ್ಲರೂ ಮಾಡುವುದೇ ಅದು. ಇವಳು ಚಿಂದಿಯ ಜೊತೆ ಕಟ್ಟಿದ್ದಳು. ಗಂಟನ್ನು ಹಾಗೇ ವಾಪಸು ಕಳಿಸೋಣ ಅನ್ನಿಸಿತು. ಇಲ್ಲ, ಕಣ್ತಪ್ಪಿ ಬಂದಿರಬೇಕು, ನೆನಪಾದರೆ ಕೇಳುತ್ತಾಳೆ ಎಂದು ಸ್ವಲ್ಪ ದಿನ ಅವಳ ಫೋನಿಗೆ ಕಾದೆ. ಫೋನ್ ಬಂತು, ಬೊಂತೆ ಆಯಿತೇ ಎಂದು ಕೇಳಲು.

ಯಾರಿಗೂ ಕಾಣದ ಹಾಗೆ ಒಳಪದರಕ್ಕೆ ಹಾಕಿ ಮುಚ್ಚಿಬಿಡಬಹುದಿತ್ತು. ನನಗೆ ಹಠ ಬಂತು. ಹೊಸ ಸೀರೆಗೆ ಕತ್ತರಿ ಹಾಕಿ, ಅಂಚು ಸುತ್ತಲೂ ಬರುವಂತೆ, ಸೆರಗು ನಟ್ಟನಡುವೆ ಬರುವಂತೆ ಮೇಲ್ಪದರಕ್ಕೇ ಹೊಲಿದೆ. ದಿನಾ ಅವಳ ಕಣ್ಣಿಗೆ ಬೀಳಲಿ, ಚುಚ್ಚಲಿ ಎಂದೇ ಒಂದೊಂದು ಹೊಲಿಗೆಯನ್ನೂ ಹಾಕಿದೆ. ಅಷ್ಟು ಅಚ್ಚುಕಟ್ಟಾದ ಬೊಂತೆಯನ್ನು ಅದಕ್ಕೆ ಮುಂಚೆ ನಾನು ಹೊಲಿದಿರಲಿಲ್ಲ.

ನಾನೇ ಹೊತ್ತುಕೊಂಡು ಹೋದೆ. ಅವಳು ಸೋಫಾದ ಮೇಲೆ ಹರಡಿ, ನಡುವಿನ ಸೆರಗಿನ ಮೇಲೆ ಕೈಯಾಡಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಸಕ್ಕತ್ತಾಗಿದೆ ಅಕ್ಕಾ! ಈ ಹಸಿರು ಬಟ್ಟೆ ಎಲ್ಲಿ ಸಿಕ್ತು? ಇಂಥದ್ದೇ ಸೀರೆ ಇದ್ರೆ ನಂಗೂ ಒಂದು ತಂದ್ಕೊಡಿ."

"ನೀನು ಕಳ್ಸಿದ್ ಗಂಟಿನೊಳ್ಗೇ ಇತ್ತು ಕಣಮ್ಮ. ಗೃಹಪ್ರವೇಶಕ್ಕೆ ನಾನೇ ಕೊಟ್ಟಿದ್ದು."

"ಹೌದಾ?" ಎಂದು ನಕ್ಕಳು. "ಅವತ್ತು ಎಷ್ಟೊಂದು ಸೀರೆ ಬಂದಿದ್ವಲ್ಲಾ ಅಕ್ಕಾ, ಯಾರ್ದು ಯಾವ್ದು ಅಂತ ನೆನಪಿರುತ್ತಾ! ಇರಿ, ಕಾಫಿ ತರ್ತೀನಿ."

ಒಳಗೆ ಹೋದಳು. ನಾನು ಬೊಂತೆಯ ಪಕ್ಕದಲ್ಲಿ ಕೂತೆ. ಮುಖ ಕೆಂಪಾಗುತ್ತದೆ, ತಡವರಿಸುತ್ತಾಳೆ, ಒಂದು ಸುಳ್ಳನ್ನಾದರೂ ಹೇಳುತ್ತಾಳೆ ಎಂದು ಕಾದುಕೊಂಡು ಬಂದಿದ್ದೆ. ಸುಳ್ಳು ಹೇಳಿ ಉಳಿಸಿಕೊಳ್ಳುವಷ್ಟೂ ನಾನು ಅವಳಿಗೆ ಬೇಕಾದವಳಾಗಿರಲಿಲ್ಲ.