ಮುಖ ಕಾಣದ ಆಟ

ಟಿವಿಯಲ್ಲಿ ಏನು ಬರಬೇಕು ಅನ್ನುವುದನ್ನು ಆ ದಿನಗಳಲ್ಲಿ ದೇಶಕ್ಕೆಲ್ಲ ಯಾರು ತೀರ್ಮಾನ ಮಾಡುತ್ತಿದ್ದರೋ ಗೊತ್ತಿಲ್ಲ. ಚನ್ನಪಟ್ಟಣದ ನಮ್ಮ ನಾಲ್ಕಾರು ಬೀದಿಗಳಿಗೆ ಮಾತ್ರ ನಮ್ಮಪ್ಪನೇ ತೀರ್ಮಾನ ಮಾಡುತ್ತಿದ್ದರು. ಹೆಸರು ಶಿವಲಿಂಗಯ್ಯ, ಊರವರ ಬಾಯಲ್ಲಿ ಕೇಬಲ್ ಶಿವಲಿಂಗಣ್ಣ. ನಮ್ಮ ಮಹಡಿಯ ಒಂದು ರೂಮಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪೆಟ್ಟಿಗೆಗಳು, ತಾರಸಿಯಲ್ಲಿ ಆಕಾಶ ನೋಡುತ್ತ ಕೂತ ಡಿಶ್‌ಗಳು. ಒಂದು ಪೆಟ್ಟಿಗೆಗೆ ಒಂದು ಚಾನೆಲ್. ರೂಮು ಸದಾ ಬೆಚ್ಚಗೆ ಗುಂಯ್ ಅನ್ನುತ್ತಿತ್ತು, ಬಿಸಿಯಾದ ಧೂಳಿನ ವಾಸನೆ ಹೊಡೆಯುತ್ತಿತ್ತು. ಚಳಿಗಾಲದಲ್ಲಿ ನಾನು ಹೋಂವರ್ಕ್ ಮಾಡುತ್ತಿದ್ದದ್ದು ಅಲ್ಲೇ. ಮಗ್ಗಿ ಬರೆಯುತ್ತಲೇ ಫೋನೆತ್ತಿ, ಧಾರಾವಾಹಿ ನಿಂತುಹೋಯಿತೆಂದು ಬೈಯುವವರ ಬೈಗುಳ ಕೇಳಿಸಿಕೊಳ್ಳುವುದೂ ನನ್ನ ಪಾಲಿಗಿತ್ತು. ಊರಿಗೆ ಊರೇ ನಮ್ಮಪ್ಪನನ್ನು ಬೈಯುತ್ತಿತ್ತು, ಅದರಲ್ಲಿ ಮಗಳಾದ ನನಗೆ ಒಂಥರಾ ಹೆಮ್ಮೆಯೂ ಇತ್ತು.

ಎದುರು ಮನೆ ಮಹಬೂಬ್ ಮಾಮುದು. ಬಾಗಿಲ ಪಕ್ಕದಲ್ಲೇ ಅವರ ಗೊಂಬೆ ಕಡೆಯುವ ಯಂತ್ರ. ಹಾಲೆ ಮರದ ತುಂಡು ಗಿರಗಿರ ತಿರುಗುವಾಗ ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಸಾಕು, ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತಿತ್ತು. ಆಮೇಲೆ ತಾಳೆ ಗರಿಯಲ್ಲಿ ತಿಕ್ಕಿದರೆ ಕನ್ನಡಿಯ ಹೊಳಪು. ಆ ಕರಗಿದ ಅರಗಿನ ವಾಸನೆಯೂ ಅವರೇಕಾಯಿಯ ಸೊಗಡೂ ಕಲೆತರೆ ನಮ್ಮ ಬೀದಿಗೆ ಚಳಿಗಾಲ ಬಂತು ಎಂದು ಅರ್ಥ.

ನಾವು ಬೀದಿಯಲ್ಲಿ ಆಡುತ್ತಿದ್ದದ್ದು ಹಾಕಿ. ಹಾಕಿ ಅಂದರೆ ದೊಡ್ಡ ಮಾತು, ತೆಂಗಿನ ಗರಿಯ ಮಟ್ಟೆಯನ್ನು ಕೋಲು ಮಾಡಿಕೊಂಡು ಹೊಡೆದಾಡುವುದು. ಬಾಲು ಅಂದರೆ ಮಾಮು ಕಡೆದುಕೊಡುತ್ತಿದ್ದ ಮರದ ಉಂಡೆ. ಅದಕ್ಕೆ ಕೆಂಪು ಅರಗು ಹಚ್ಚಿರುತ್ತಿದ್ದರಿಂದ ಎಂಥ ಧೂಳೆದ್ದರೂ ಬೀದಿಯ ಆ ತುದಿಯವರೆಗೆ ಕಾಣುತ್ತಿತ್ತು. ಮಾಮುವಿನ ಒಬ್ಬನೇ ಮಗ ನಯಾಜಣ್ಣ ಓಡುವುದಕ್ಕೆ ಸೋಮಾರಿ, ಅದಕ್ಕೇ ಗೋಲಿಗೆ ನಿಂತ. ನಿಂತವನು ಬಲಗಾಲಲ್ಲಿ ನೆಲ ಕೆರೆಯುತ್ತಲೇ ಇರುತ್ತಿದ್ದ, ತಿಪ್ಪೆ ಸಿಕ್ಕಿದ ಕೋಳಿಯ ಹಾಗೆ. ಆದರೆ ಬಾಲು ಬಂತೆಂದರೆ ಅವನನ್ನು ದಾಟುತ್ತಿರಲಿಲ್ಲ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಅವನನ್ನು ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿಂದ ಏನೇನಾಯಿತೋ, ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಸುದ್ದಿ ಬಂತು. ಹಾಕಿಯಲ್ಲೂ ಆಟಗಾರರಿಗೆ ಸಂಬಳ ಕೊಟ್ಟು ಆಡಿಸುವ ಲೀಗ್ ಶುರುವಾಗಿದೆ, ಅದರಲ್ಲಿ ಒಂದು ಟೀಮಿಗೆ ನಯಾಜ್ ಆಯ್ಕೆಯಾಗಿದ್ದಾನೆ, ಎಲ್ಲ ಮ್ಯಾಚೂ ಟಿವಿಯಲ್ಲಿ ಬರುತ್ತದೆ.

ಮಾಮು ಸುದ್ದಿ ಹಿಡಿದುಕೊಂಡು ಸೀದಾ ನಮ್ಮ ಮಹಡಿ ಹತ್ತಿದರು. ಗಡ್ಡದಲ್ಲೆಲ್ಲ ಮರದ ಪುಡಿ.

"ಅಣ್ಣ, ಆ ಚಾನೆಲ್ ನಮ್ಮ ಬೀದೀಲಿ ಬತ್ತದಾ?"

"ಬರಾಕಿಲ್ಲ ಮಹಬೂಬಣ್ಣ. ಪೆಟ್ಟಿಗೆ ಖಾಲಿ ಇಲ್ಲ," ಅಂದರು ಅಪ್ಪ. ಮಾಮುವಿನ ಮುಖ ನೋಡಿದರು. "ಬುಡಿ, ಏನಾರಾ ಮಾಡಾನ. ನಮ್ಮ ನಯಾಜು ಅಲ್ವಾ."

ಅಪ್ಪ ಮಾಡಿದ್ದು ಇಷ್ಟೇ: ದಿನಕ್ಕೆ ಮೂರು ಕನ್ನಡ ಪಿಚ್ಚರ್ ಹಾಕುತ್ತಿದ್ದ ಚಾನೆಲನ್ನು ಸಂಜೆ ಹೊತ್ತು ತೆಗೆದು ಹಾಕಿಗೆ ಜಾಗ ಮಾಡಿದರು. ಅದು ಎಂಥ ಎದೆಗಾರಿಕೆಯ ಕೆಲಸ ಅನ್ನುವುದು ಫೋನೆತ್ತುತ್ತಿದ್ದ ನನಗೇ ಗೊತ್ತು. ಹೈವೇ ಆಚೆ ಬದಿಯಲ್ಲಿ ಇನ್ನೊಬ್ಬ ಕೇಬಲಿನವನಿದ್ದ, ನಮ್ಮ ಗಿರಾಕಿಗಳಿಗಾಗಿ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ.

ನಯಾಜಣ್ಣ ಹೊರಡುವ ಹಿಂದಿನ ದಿನ ಮಾಮು ಅವನಿಗಾಗಿ ಒಂದು ಬಳೆ ಕಡೆದರು. ಕೈಗೆ ಹಾಕುವುದಲ್ಲ, ಹಾಕಿ ಕೋಲಿನ ಹಿಡಿಗೆ ತೊಡಿಸುವುದು. ಅರ್ಧ ಕೆಂಪು, ಅರ್ಧ ಹಳದಿ. ಗೋಲಿಗೆ ನಿಲ್ಲುವವನ ತಲೆಗೆ ಹೆಲ್ಮೆಟ್ಟು, ಮುಖಕ್ಕೆ ಜಾಲರಿ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು.

"ಮಕ ಕಾಣ್ದಿದ್ರೆ ಏನಾತು, ಬಳೆ ಕಾಣ್ತದಲ್ಲ," ಅಂದರು ಮಾಮು. "ನಮ್ಮ ಬಣ್ಣ ಎಷ್ಟು ದೂರದಿಂದ್ಲೂ ಕಾಣ್ತದೆ. ನಿಮ್ಮಮ್ಮಿ ಗುರ್ತು ಹಿಡೀಲಿ."

ಮೊದಲ ಮ್ಯಾಚಿನ ಸಂಜೆ ನಮ್ಮ ಟಿವಿಯನ್ನು ಜಗುಲಿಗೆ ತಂದಿಟ್ಟೆವು. ಬೀದಿಗೆ ಬೀದಿಯೇ ಬಂದು ಕೂತಿತು. ನಯಾಜಣ್ಣನ ತಾಯಿ ಜೈತೂನಕ್ಕ ಮೊರದ ತುಂಬ ಕಡ್ಲೆಪುರಿ ಕಲಸಿ ತಂದಿದ್ದರು, ನಮ್ಮಮ್ಮ ಕಡ್ಲೆಕಾಯಿ ಬೇಯಿಸಿದ್ದರು. ನಮ್ಮಜ್ಜಿ ಟಿವಿಗೆ ತೀರ ಹತ್ತಿರ ಮಣೆ ಹಾಕಿಕೊಂಡು ಕೂತರು. ಆಟ ಶುರುವಾಯಿತು.

ಹಾಕಿಯನ್ನು ಟಿವಿಯಲ್ಲಿ ಜನ ಯಾಕೆ ನೋಡುವುದಿಲ್ಲ ಎಂದು ದೊಡ್ಡವರು ಈಗಲೂ ಪೇಪರಿನಲ್ಲಿ ಬರೆಯುತ್ತಾರೆ. ಪ್ರಚಾರ ಸಾಲದು, ಜಾಹೀರಾತು ಬರುವುದಿಲ್ಲ, ದೊಡ್ಡ ಹೆಸರುಗಳಿಲ್ಲ ಅನ್ನುತ್ತಾರೆ. ಓದಿದಾಗೆಲ್ಲ ನನಗೆ ನಗು ಬರುತ್ತದೆ. ಕಾರಣವೆಲ್ಲ ನನಗೆ ಆ ಸಂಜೆ ನಮ್ಮ ಜಗುಲಿಯಲ್ಲೇ ಗೊತ್ತಾಗಿತ್ತು. ಮೊದಲನೆಯದಾಗಿ ಬಾಲೇ ಕಾಣಲಿಲ್ಲ. ಅಷ್ಟಗಲ ಹಸಿರು, ಅದರ ಮೇಲೆ ಇರುವೆ ಗಾತ್ರದ ಆಟಗಾರರು ಅತ್ತಿಂದಿತ್ತ ಓಡುತ್ತಾರೆ, ಬಾಲು ಎಲ್ಲಿದೆ ಅನ್ನುವುದನ್ನು ಅವರು ಓಡುವ ದಿಕ್ಕಿನಿಂದ ಊಹೆ ಮಾಡಬೇಕು. ನಮ್ಮ ಕೆಂಪು ಉಂಡೆ ಕಂಡು ಬೆಳೆದ ಕಣ್ಣಿಗೆ ಇದೆಂಥ ಆಟ ಅನ್ನಿಸಿತು. ಕ್ರಿಕೆಟ್ಟಾದರೆ ಒಂದು ಬಾಲಿಗೂ ಇನ್ನೊಂದು ಬಾಲಿಗೂ ನಡುವೆ ಕಡ್ಲೆಕಾಯಿ ಸುಲಿಯಬಹುದು, ಪಕ್ಕದವನನ್ನು ಬೈಯಬಹುದು, ನಾನಾಗಿದ್ದರೆ ಹಿಂಗೆ ಹೊಡೆಯುತ್ತಿದ್ದೆ ಅನ್ನಬಹುದು. ಇಲ್ಲಿ ಸಿಪ್ಪೆ ಸುಲಿಯಲು ತಲೆ ಬಗ್ಗಿಸಿ ಎತ್ತುವಷ್ಟರಲ್ಲಿ ಗೋಲು ಆಗಿಹೋಗಿತ್ತು. ಹೇಗಾಯಿತು ಎಂದು ಒಬ್ಬರಿಗೂ ಗೊತ್ತಿಲ್ಲ. ಅಂಪೈರ್ ಪೀಪಿ ಊದುತ್ತಲೇ ಇದ್ದ.

"ಯಾಕ್ಲಾ ಊದ್ದ ಅವ್ನು?" ಅಜ್ಜಿ ಕೇಳಿದರು.

"ಯಾರ್ದೋ ಕಾಲಿಗೆ ತಗುಲ್ತು ಅನ್ಸುತ್ತೆ ಕಣವ್ವ," ಅಂದರು ಅಪ್ಪ.

"ಆಗ್ಲೂ ತಗುಲ್ತು, ಆಗ ಊದ್ನಿಲ್ವಲ್ಲ?"

ಕಾಮೆಂಟರಿಯವರು ಇಂಗ್ಲಿಷಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರು. ಇಂಗ್ಲಿಷ್ ಮೇಡಂ ನಿಧಾನವಾಗಿ ಹೇಳಿದರೇ ಅರ್ಥವಾಗದ ನನಗೆ ಅದರಲ್ಲಿ ಒಂದು ಹೆಸರೂ ಹಿಡಿಯಲಾಗಲಿಲ್ಲ. ಅಜ್ಜಿ ಇನ್ನಷ್ಟು ಹೊತ್ತು ನೋಡಿ, ಮಣೆ ಎತ್ತಿಕೊಂಡು ಎದ್ದರು. "ಸೀರಿಯಲ್ನಾಗೆ ಮಕ ಇಷ್ಟಗಲ ಬತ್ತದೆ. ಇಲ್ಲಿ ಒಬ್ರ ಮಕನೂ ಕಾಣಾಕಿಲ್ಲ. ಮಕ ಕಾಣ್ದಿದ್ ಮೇಲೆ ಯಾರ್ಗಂತ ಅಳಾನೆ?" ಎಂದು ಒಳಗೆ ಹೋದರು.

ಅಷ್ಟರಲ್ಲಿ ಕ್ಯಾಮೆರಾ ಗೋಲಿನ ಕಡೆ ಬಂತು. ಹೆಲ್ಮೆಟ್ಟು ತೊಟ್ಟ, ಕಾಲಿಗೆ ಹಾಸಿಗೆ ಕಟ್ಟಿಕೊಂಡಂತಿದ್ದ ಒಬ್ಬ ಬಾಲನ್ನು ಒದ್ದು ಆಚೆ ಹಾಕಿದ. ಅವನ ಕೈಯ ಹತ್ತಿರ ಹಳದಿಯ ಏನೋ ಮಿಂಚಿತು.

"ಬಳೆ! ನಮ್ಮ ಬಳೆ ಅದು!" ಮಾಮು ಎದ್ದು ನಿಂತುಬಿಟ್ಟರು. ಬೀದಿಯೆಲ್ಲ ಹೋ ಎಂದು ಕೂಗಿತು. ನಾನೂ ಕೂಗಿದೆ, ನನಗೂ ಕೆಂಪು-ಹಳದಿ ಎರಡೂ ಕಂಡಿದ್ದವು.

ಜೈತೂನಕ್ಕ ಮಾತ್ರ ಕೂಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದವರು ಮೆಲ್ಲಗೆ, "ಇವ್ನು ಕಾಲು ಕೆರೀತಿಲ್ವಲ್ಲ," ಅಂದರು.

"ಅದು ಹುಲ್ಲಲ್ಲ, ಪ್ಲಾಸ್ಟಿಕ್ಕು. ಕೆರ್ದ್ರೆ ಏನ್ ಬತ್ತದೆ? ಒಸಿ ಸುಮ್ಕಿರು," ಎಂದು ಮಾಮು ಗದರಿದರು.

ಎರಡು ದಿನ ಬಿಟ್ಟು ನಯಾಜಣ್ಣನ ಫೋನ್ ಬಂತು, ನಮ್ಮ ಮನೆಗೇ. ಊರೂರು ದಾಟಿ ಬರುವ ಫೋನಿಗೆ ಕಿರುಚಿಯೇ ಮಾತಾಡಬೇಕೆಂದು ಮಾಮುವಿನ ನಂಬಿಕೆ. "ನೋಡ್ದೆ ಕಣೋ! ಎಲ್ರೂ ನೋಡುದ್ರು! ಬಳೆ ಎಷ್ಟು ಚೆಂದಾಗಿ ಕಾಣಿಸ್ತು! ಹೆಂಗ್ ತಡ್ದೆ ಆ ಬಾಲ್ನ!" ಮಾಮು ರಿಸೀವರ್ ಕಿವಿಯಿಂದ ದೂರ ಹಿಡಿಯುತ್ತಿದ್ದರಿಂದ ಆ ಕಡೆಯ ಮಾತು ನನಗೂ ಕೇಳುತ್ತಿತ್ತು. ಕೊನೆಗೆ ತನ್ನಪ್ಪನಿಗೆ ಹೂಂಗುಟ್ಟಿದ "ಹಾ ಅಬ್ಬಾ," ಅನ್ನುವುದೊಂದು ಮಾತ್ರ ಕೇಳಿಸಿತು.

ಎರಡನೇ ಮ್ಯಾಚಿಗೆ ಜಗುಲಿಯಲ್ಲಿ ಅರ್ಧ ಜನ ಇದ್ದರು. ಆಮೇಲಾಮೇಲೆ ಹುಡುಗರು ಮಾತ್ರ ಬಂದರು, ಅವರೂ ಕಡ್ಲೆಕಾಯಿಗೆ. ಕೊನೆಗೆ ಟಿವಿ ಒಳಗೇ ಉಳಿಯಿತು. ಮಾಮು, ಅಪ್ಪ, ನಾನು ಮೂವರೇ ಕೂತು ನೋಡುತ್ತಿದ್ದೆವು. ಬಾಲು ಕಾಣದಿದ್ದರೂ ಮಾಮು ಬೇಸರ ಮಾಡಿಕೊಳ್ಳಲಿಲ್ಲ. ಅವರು ಆಟ ನೋಡುತ್ತಲೇ ಇರಲಿಲ್ಲ. ಕ್ಯಾಮೆರಾ ಯಾವಾಗ ಗೋಲಿನ ಕಡೆ ತಿರುಗುತ್ತದೆ ಎಂದು ಕಾಯುತ್ತಿದ್ದರು, ಹಳದಿ ಮಿಂಚಿದರೆ "ಶಾಬಾಶ್" ಅನ್ನುತ್ತಿದ್ದರು. ನಯಾಜಣ್ಣನ ಟೀಮು ಸೋತರೂ ಅವರು ಖುಷಿಯಾಗಿಯೇ ಮನೆಗೆ ಹೋಗುತ್ತಿದ್ದರು.

ಅಷ್ಟರಲ್ಲಿ ಕ್ರಿಕೆಟ್ ಸರಣಿ ಬಂತು. ಅದು ಬರುತ್ತಿದ್ದದ್ದು ಇನ್ನೊಂದು ಚಾನೆಲಿನಲ್ಲಿ, ನಮ್ಮ ಹತ್ತಿರ ಪೆಟ್ಟಿಗೆ ಇರಲಿಲ್ಲ. ಹೈವೇ ಆಚೆಯವನು ಹಾಕಿದ. ಬೀಡಿ ಅಂಗಡಿಯವರು ತಮ್ಮ ವೈರು ಕಿತ್ತು ಅವನ ವೈರು ಎಳೆಸಿಕೊಂಡರು, ಅವರ ಹಿಂದೆ ಹೋಟೆಲಿನವರು, ಅವರ ಹಿಂದೆ ಇಡೀ ಹಿಂದಿನ ಬೀದಿ. ಒಂದು ಮಧ್ಯಾಹ್ನ ಅಪ್ಪ ಎದುರು ಮನೆಗೆ ಹೋಗಿ ಯಂತ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ನಾನು ಜೊತೆಯಲ್ಲಿದ್ದೆ. ಅಪ್ಪ ಮರದ ಪುಡಿಯಲ್ಲಿ ಬೆರಳಾಡಿಸುತ್ತಿದ್ದರು.

ಮಾಮುವೇ ಯಂತ್ರ ನಿಲ್ಲಿಸಿದರು. "ತೆಗ್ದ್ಬುಡಿ ಅಣ್ಣ."

"ಇನ್ನೊಂದೇ ಮ್ಯಾಚೈತಲ್ಲ ಮಹಬೂಬಣ್ಣ. ಅದೊಂದು ಆಗೋಗ್ಲಿ ಅಂತ..."

"ಬ್ಯಾಡ. ನಿಮ್ಮ ಹೊಟ್ಟೆ ಮೇಲೆ ಹೊಡ್ಕೋಬ್ಯಾಡಿ. ಮಗ ಆಡಾದ್ನ ಕಣ್ತುಂಬ ನೋಡ್ದೆ. ಸಾಕು ನಂಗೆ."

ಅಪ್ಪ ಆ ಸಂಜೆಯೇ ಹಾಕಿಯ ಪೆಟ್ಟಿಗೆ ತೆಗೆದು ಕ್ರಿಕೆಟ್ಟಿನದು ಕೂರಿಸಿದರು. ಬೈಗುಳದ ಫೋನುಗಳು ನಿಂತವು.

ಲೀಗು ಮುಗಿದ ಮೇಲೆ ನಯಾಜಣ್ಣ ಊರಿಗೆ ಬಂದ. ಬಂದವನು ತನ್ನ ಮನೆಯಲ್ಲಿ ಬ್ಯಾಗು ಇಟ್ಟು ಮಹಡಿ ಹತ್ತಿ ಅಪ್ಪನ ಹತ್ತಿರ ಬಂದ. ನಾನು ಕಾಫಿ ತೆಗೆದುಕೊಂಡು ಹೋದೆ. ಅವನ ಮುಖ ಬೆಳಗುತ್ತಿತ್ತು.

"ಶಿವಲಿಂಗಣ್ಣ, ಕೊನೇ ಮ್ಯಾಚ್ ನೋಡುದ್ರಾ?"

ಅಪ್ಪ ಪೆಟ್ಟಿಗೆಗಳ ಕಡೆ ತಿರುಗಿ ಏನೋ ವೈರು ಹುಡುಕತೊಡಗಿದರು. ನಯಾಜಣ್ಣನಿಗೆ ತಡೆಯಲಾಗಲಿಲ್ಲ, ತಾನೇ ಹೇಳಿದ. ಇಡೀ ಲೀಗಿನಲ್ಲಿ ಅವನು ಗೋಲಿಗೆ ನಿಂತಿರಲೇ ಇಲ್ಲ. ಅವನು ಎರಡನೆಯ ಗೋಲ್‌ಕೀಪರ್, ಮೊದಲನೆಯವನಿಗೆ ಏನಾದರೂ ಆದರೆ ಇರಲಿ ಎಂದು ಕೂರಿಸಿದ್ದವನು. ಬಳೆಯನ್ನು ಅಂಪೈರು ಮೊದಲ ದಿನ ಕೋಲು ಪರೀಕ್ಷೆ ಮಾಡುವಾಗಲೇ ತೆಗೆಸಿದ್ದರು. ನಾವು ಕಂಡ ಹಳದಿ, ಮೊದಲನೆಯವನು ಕೋಲಿಗೆ ಸುತ್ತಿಕೊಂಡಿದ್ದ ಟೇಪು.

"ಫೋನ್ನಾಗೆ ಅಬ್ಬಾ ಅಷ್ಟು ಖುಷಿಯಾಗಿ ಕಿರುಚ್ತಾ ಇದ್ರು. ನಾನಲ್ಲ ಅಬ್ಬಾ, ನಾನು ಬೆಂಚ್ ಮೇಲೆ ಕುಂತಿದ್ದೆ ಅಂತ ಎಂಗ್ ಯೋಳ್ಲಿ?" ಅಂದ. "ಆದ್ರೆ ಕೊನೇ ಮ್ಯಾಚ್ಗೆ ಅವ್ನ ಮಂಡಿ ನೋವಾಗಿ ನನ್ನ ನಿಲ್ಲಿಸುದ್ರು ಅಣ್ಣ. ಎಲ್ಲಾ ತಡ್ದೆ, ಒಂದೂ ಬುಡ್ನಿಲ್ಲ. ಆಟ ಮುಗುದ್ ಮೇಲೆ ಕ್ಯಾಮೆರಾ ನನ್ನ ಹತ್ರಾನೇ ಬಂತು. ಹೆಲ್ಮೆಟ್ ತೆಗ್ದೆ. ಬ್ಯಾಗ್ನಾಗಿದ್ದ ಬಳೆ ತರ್ಸಿ ಇಂಗೆ ಎತ್ತಿ ತೋರ್ಸ್ದೆ. ಅಬ್ಬಾ ನೋಡ್ತಿರ್ತಾರೆ ಅಂತ." ಜೇಬಿನಿಂದ ಬಳೆ ತೆಗೆದು, ಆವತ್ತು ತೋರಿಸಿದ ಹಾಗೆಯೇ ಮುಖದ ಪಕ್ಕ ಹಿಡಿದ.

ಅಪ್ಪ ತಿರುಗಲಿಲ್ಲ. ರೂಮು ಗುಂಯ್ ಅನ್ನುತ್ತಲೇ ಇತ್ತು. ನಯಾಜಣ್ಣ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿದ. ಕ್ರೀಡಾ ಹಾಸ್ಟೆಲಿಗೆ ಹೋಗುವ ಮುಂಚೆ ರಜೆಯಲ್ಲಿ ಅಪ್ಪನ ಜೊತೆ ವೈರು ಎಳೆದವನು, ಯಾವ ಪೆಟ್ಟಿಗೆ ಯಾವುದು, ಯಾವುದು ಇಲ್ಲ ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಬಳೆ ಜೇಬಿಗೆ ಹಾಕಿಕೊಂಡ. ಕಾಫಿ ಕುಡಿದ. "ಅಬ್ಬಾಗೆ ಏನೂ ಯೋಳ್ಬ್ಯಾಡಿ ಅಣ್ಣ. ನೋಡಿವ್ನಿ ಅಂದ್ಕೊಂಡವ್ರೆ, ಹಂಗೇ ಇರ್ಲಿ," ಎಂದು ಮೆಟ್ಟಿಲಿಳಿದು ಹೋದ. ನಮ್ಮಪ್ಪ ಕಣ್ಣೊರೆಸಿಕೊಂಡದ್ದನ್ನು ನಾನು ಮೊದಲು ಕಂಡದ್ದು ಆವತ್ತು.

ಆ ಲೀಗು ಕೆಲವು ವರ್ಷ ಕುಂಟಿ ನಿಂತುಹೋಯಿತು. ನೋಡುವವರೇ ಇಲ್ಲದ ಮೇಲೆ ಯಾರು ಆಡಿಸುತ್ತಾರೆ? ನಯಾಜಣ್ಣನನ್ನು ಮತ್ತೆ ಯಾರೂ ಕರೆಯಲಿಲ್ಲ. ಬಿಡದಿಯ ಕಡೆ ಹೊಲಗಳೆಲ್ಲ ಕಾರ್ಖಾನೆಗಳಾಗುತ್ತಿದ್ದ ಹೊತ್ತು ಅದು, ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ. ಈಗಲೂ ಅಲ್ಲೇ ಇದ್ದಾನೆ. ಬಸ್ಸಿನಲ್ಲಿ ಹೋಗುವಾಗ ಕಾಣುತ್ತಾನೆ, ನಿಂತಲ್ಲೇ ಬೂಟುಗಾಲಲ್ಲಿ ಕಾಂಕ್ರೀಟು ಕೆರೆಯುತ್ತಿರುತ್ತಾನೆ. ಅಪ್ಪನ ಡಿಶ್‌ಗಳು ತುಕ್ಕು ಹಿಡಿದು ಗುಜರಿಗೆ ಹೋದವು. ಮಾಮುವಿನ ಯಂತ್ರ ಅವರಿಗಿಂತ ಮೊದಲೇ ನಿಂತಿತು. ಹಾಸಿಗೆ ಹಿಡಿದ ಮೇಲೂ ಮಾಮು ನೋಡಲು ಬಂದವರಿಗೆಲ್ಲ ಮಗ ಬಾಲು ತಡೆದದ್ದನ್ನು ಹೇಳುತ್ತಿದ್ದರು. ಪಕ್ಕದಲ್ಲಿ ನಯಾಜಣ್ಣ ತಲೆ ಬಗ್ಗಿಸಿ ಕಾಲೊತ್ತುತ್ತ ಕೂತಿರುತ್ತಿದ್ದ.

ಮಾಮು ತೀರಿಕೊಂಡ ವರ್ಷ ಜೈತೂನಕ್ಕ ನನ್ನನ್ನು ಕರೆದರು. ಅವರಿಗೆ ಎಲ್ಲ ಗೊತ್ತಿತ್ತು. ಕೊನೆಯ ಮ್ಯಾಚಿನದು ಮಗ ಹೇಳಿದ ಮೇಲೆ, ಉಳಿದದ್ದು ಬಹುಶಃ ಆ ಮೊದಲ ಸಂಜೆಯಿಂದಲೇ.

"ಬೇಟಿ, ಈಗ ಫೋನ್ನಾಗೆ ಎಲ್ಲಾ ಹಳೇದೂ ಸಿಗ್ತದಂತಲ್ಲ. ಆ ಕೊನೇ ಮ್ಯಾಚ್ ಐತಾ ನೋಡು. ಅವ್ನ ಮಕ ಒಂದ್ಸಲ ನೋಡ್ಬೇಕು."

"ದಿನಾ ನೋಡ್ತೀರಲ್ಲ ಅಕ್ಕ ಅವನ ಮುಖಾನ."

"ಇದಲ್ಲ. ಆವತ್ತಿಂದು."

ಅವರ ಪಕ್ಕದಲ್ಲೇ ಕೂತು ಹುಡುಕಿದೆ. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಟೀಮಿನ ಹೆಸರು ಹಾಕಿ, ಅವನ ಹೆಸರು ಹಾಕಿ ಹುಡುಕಿದೆ. ಆ ವರ್ಷದ ಕ್ರಿಕೆಟ್ ಸರಣಿಯ ಒಂದೊಂದು ಬಾಲೂ ಸಿಕ್ಕಿತು. ಆ ಮ್ಯಾಚು ಸಿಗಲಿಲ್ಲ. ಯಾರೂ ನೋಡದ್ದನ್ನು ಯಾರೂ ಎತ್ತಿಟ್ಟುಕೊಂಡಿರಲಿಲ್ಲ.

ಜೈತೂನಕ್ಕ ನನ್ನ ಮುಖದಲ್ಲೇ ಅದನ್ನು ಓದಿಕೊಂಡರು. ಬಾಗಿಲ ಪಕ್ಕದಲ್ಲಿ ಯಂತ್ರವಿದ್ದ ಖಾಲಿ ಜಾಗದ ಕಡೆ ತಿರುಗಿದರು.

"ಕಾಲು ಕೆರೀತಾ ನಿಂತಿರ್ತಾನೆ ಅಲ್ವಾ, ಆವತ್ತು?" ಅಂದರು.

"ಹಾ ಅಕ್ಕ," ಅಂದೆ.