ಗಡ್ಡಕ್ಕೆ ಎಷ್ಟು ತಿಂಗಳು?

ನನ್ನ ಗಡ್ಡದ ಕೂದಲು ಹುಟ್ಟಾ ವಕ್ರ. ನೆಟ್ಟಗೆ ಹೊರಗೆ ಬೆಳೆಯುವ ಬುದ್ಧಿ ಅದಕ್ಕಿಲ್ಲ. ಬೋಳಿಸಿದ ಬೆನ್ನಿಗೇ ಬಾಗಿಕೊಂಡು ಮತ್ತೆ ಚರ್ಮದೊಳಗೆ ನುಗ್ಗುತ್ತದೆ. ಊರಿಗೆ ಆಗಷ್ಟೇ ಮೊಬೈಲು ಬರುತ್ತಿದ್ದ ಕಾಲ. ನನಗೆ ಕುಮಟೆಯ ಬ್ಯಾಂಕೊಂದರ ಕೌಂಟರಿನಲ್ಲಿ ಕೂರುವ ಕೆಲಸ. ಗಡ್ಡ ಬಿಟ್ಟರೆ ಸಾಹೇಬರ ಮುಖ ಕೆಂಪಾಗುತ್ತಿತ್ತು, ತೆಗೆದರೆ ನನ್ನ ಕುತ್ತಿಗೆ. ಸಾಲು ಸಾಲು ಗುಳ್ಳೆ, ತುರಿಕೆ, ಕೆಲವದರಲ್ಲಿ ಕೀವು.

ಕಟಿಂಗ್ ಅಂಗಡಿಯವನಿಗೆ ಹೇಳಿದರೆ ಅವನಿಗೆ ಅವಮಾನ. ಚರ್ಮ ಎಳೆದು ಹಿಡಿದು ಕೆಳಗಿನಿಂದ ಮೇಲಕ್ಕೆ ಉಲ್ಟಾ ಹೊಡೆಯುವುದರಲ್ಲೇ ಅವನ ಹೆಸರಿತ್ತು. "ಉಲ್ಟಾ ಹೊಡಿದೇ ಇದ್ರೆ ಅದೆಂತ ಶೇವಿಂಗಾ? ಬರೀ ನೊರೆ ಒರ್ಸೂದು!" ಎಂದು ಇನ್ನೊಂದು ಸಲ ಎಳೆದು, ಮೇಲಿಂದ ಪಟಿಕದ ಕಲ್ಲು ತಿಕ್ಕುತ್ತಿದ್ದ. ಮನೆದೇವರು ಕಣ್ಣೆದುರು ಬಂದು ಹೋಗುತ್ತಿದ್ದರು.

ಅಮ್ಮನ ಮದ್ದು ಮುರುಗಲ ತುಪ್ಪ, ಅಂದರೆ ಕೋಕಂ ಬೀಜದ ಕೊಬ್ಬು. ಅದನ್ನು ನಮ್ಮಲ್ಲಿ ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. "ಹಿಮ್ಮಡಿಗೆ ಆಗೂದು ಗಲ್ಲಕ್ಕೆ ಆಗೂದಿಲ್ವನಾ?" ಎಂದು ಕಾಯಿಸಿ ಬಳಿದರು. ಗುಳ್ಳೆ ಇಳಿಯಲಿಲ್ಲ, ಅಂಗಿಗಳ ಕಾಲರು ಹಾಳಾದವು.

ಕೊನೆಗೆ ಹೊನ್ನಾವರದ ಚರ್ಮದ ಡಾಕ್ಟರರ ಹತ್ತಿರ ಹೋದೆ. ಅವರು ದೀಪ ಹಿಡಿದು ನೋಡಿ ನಕ್ಕರು. "ರೋಗ ಅಲ್ಲ ಮಾರಾಯಾ, ಕೂದ್ಲು ದಾರಿ ತಪ್ಪಿದೆ ಅಷ್ಟೇ. ಒಂದು ತಿಂಗಳು ಬ್ಲೇಡ್ ಮುಟ್ಟಬೇಡ, ಉಗುರಲ್ಲಿ ಕೀಳಬೇಡ. ಆಮೇಲೆ ಬಿಸಿನೀರಲ್ಲಿ ಗಡ್ಡ ನೆನೆಸಿ, ಕೂದ್ಲು ಬೆಳೆದ ದಿಕ್ಕಿಗೇ ಹಗುರವಾಗಿ ಎಳಿ. ಉಲ್ಟಾ ಮಾತ್ರ ಬೇಡ." ಅವರ ಚೀಟಿ ನೋಡಿ ಸಾಹೇಬರೂ ಹೂಂಗುಟ್ಟಿದರು.

ಡಾಕ್ಟರರಿಗೆ ಚರ್ಮ ಗೊತ್ತಿತ್ತು, ನಮ್ಮೂರು ಹೊಳನಗದ್ದೆ ಗೊತ್ತಿರಲಿಲ್ಲ. ನಮ್ಮ ಕಡೆ ಹೆಂಡತಿ ಬಸಿರಾದರೆ ಗಂಡ ಗಡ್ಡ ತೆಗೆಸುವುದಿಲ್ಲ. ನಮಗೆ ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿರಲಿಲ್ಲ. "ಎಂತಾರೂ ವಿಶೇಷ ಉಂಟಾ?" ಎಂಬ ಪ್ರಶ್ನೆಗೆ ಹೆದರಿ ನನ್ನ ಹೆಂಡತಿ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಳು. ಅಂಥ ಮನೆಯ ಗಂಡಸು ಗಡ್ಡ ಬಿಟ್ಟ ಮೇಲೆ ಕೇಳಬೇಕೇ?

ಚಾದಂಗಡಿಯವನೇ ಮೊದಲು ಕಣ್ಣು ಮಿಟುಕಿಸಿದ. "ಎಂತದಾ ತಮಾ, ಎಷ್ಟು ತಿಂಗ್ಳು?"

"ಗುಳ್ಳೆ ಮಾರಾಯಾ!" ಎಂದು ಕುತ್ತಿಗೆ ತೋರಿಸಿದೆ.

"ಆತು ಆತು, ಹೇಳ್ಬೇಡ. ನಾ ಕೇಳೇ ಇಲ್ಲ."

ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬಾರದು ಎಂಬ ಪದ್ಧತಿಯೂ ನಮ್ಮದೇ. ಹಾಗಾಗಿ ನಾವು ಇಲ್ಲ ಅಂದಷ್ಟೂ ಅದು ಹೌದಾಯಿತು. ಹೆಂಡತಿ ಆಣೆ ಹಾಕಿದರೆ ಹೆಂಗಸರು "ಬಸ್ರಿ ಆಣೆ ಹಾಕೂಕಾಗ" ಎಂದು ಗದರಿದರು. ಮೀನಿನವಳು ನೊಗಲಿ ಮೀನು ಮೇಲಿಂದ ಎರಡು ಜಾಸ್ತಿ ಹಾಕಿದಳು. ಬಾವಿಕಟ್ಟೆಯಲ್ಲಿ ಪಕ್ಕದ ಮನೆಯಾಕೆ ಇವಳ ಕೊಡ ಕಸಿದುಕೊಂಡು ತಾನೇ ಹೊತ್ತು ತಂದಳು. ಹುಳಿ ಮಾವಿನಕಾಯಿ, ಮಿಡಿ ಉಪ್ಪಿನಕಾಯಿ ಬಂದವು. ತಾನೇ ನನ್ನ ಕುತ್ತಿಗೆಗೆ ತುಪ್ಪ ಬಳಿದಿದ್ದ ಅಮ್ಮನಿಗೂ ಅನುಮಾನ ಶುರುವಾಗಿ, "ಗುಳ್ಳೆ ಹೌದು. ಗುಳ್ಳೆ ಮಾತ್ರನಾ?" ಎಂದು ಮೆಲ್ಲಗೆ ಕೇಳಿದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ತಿಂಗಳು ಕಳೆಯಿತು, ಗಡ್ಡದಡಿಯ ಚರ್ಮ ಮಗುವಿನ ಕೆನ್ನೆಯಂತಾಯಿತು. ಒಂದು ಭಾನುವಾರ ನೀರು ಕಾಯಿಸಿ, ಹೊಸ ಬ್ಲೇಡು ತಂದು, ಜಗಲಿಯಲ್ಲಿ ಕನ್ನಡಿ ಒರಗಿಸಿ ಕೂತೆ. ಈ ಸುದ್ದಿಗೊಂದು ಮಂಗಳ ಹಾಡಿದರೆ ಹೆಂಡತಿಯೇ ಮೊದಲು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಂದು ಬ್ರಷ್ ಎತ್ತಿಕೊಂಡಳು.

"ಇವತ್ತೇ ತೆಗೀಬೇಕನ್ರಾ?"

"ಗುಳ್ಳೆ ಹೋಯ್ತಲ್ಲೇ."

ಅವಳು ನಗಲು ನೋಡಿದಳು, ಆಗಲಿಲ್ಲ. "ಗಡ್ಡ ಹೋದ್ರೆ ನಾಳಿಂದ ಬಾವಿಕಟ್ಟೆಲಿ ಮತ್ತೆ ಕೇಳೂಕೆ ಸುರು ಮಾಡ್ತರು. ಈ ಒಂದು ತಿಂಗ್ಳು ನನ್ನ ಯಾರೂ ಎಂತದೂ ಕೇಳ್ಲಿಲ್ಲ."

ಬ್ಲೇಡನ್ನು ಅದರ ಕಾಗದದಲ್ಲೇ ಸುತ್ತಿಟ್ಟೆ. ಒಳಗಿಂದ ಅಮ್ಮ, "ಎಂತದಾ, ನೀರು ಆರಿ ಹೋತು, ತೆಗೂದಿಲ್ವನಾ?" ಎಂದು ಕೂಗಿದರು.

"ಇಲ್ಲಮ್ಮಾ, ಗುಳ್ಳೆ ಇನ್ನೂ ಪೂರ್ತಿ ಹೋಗ್ಲಿಲ್ಲ" ಎಂದೆ.