ಬೊಂಬಾಯಿಗೆ ಒಂದು ಪಿ.ಪಿ. ಕಾಲ್

1988ರಲ್ಲಿ ನಾನು ಅಫಜಲಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಆ ಮಳೆಗಾಲದ ಒಂದು ಶನಿವಾರ ನನ್ನ ತಂಗಿ ನೀಲಾ ಮಧ್ಯಾಹ್ನದ ಬುತ್ತಿ ತಂದುಕೊಟ್ಟಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾನು ಉಣ್ಣುವಷ್ಟು ಹೊತ್ತು ಅವಳು ಬೆಂಚಿನ ಮೇಲೆ ಕೂತು, ಕಾಲಿನಿಂದ ತಾಳ ಹಾಕುತ್ತ, ಬೊಂಬಾಯಿಯ ಒಬ್ಬ ಪಾಪ್ ಗಾಯಕನ ಹಾಡು ಹೇಳುತ್ತಿದ್ದಳು. ಹಿಂದಿ ಅರ್ಧ ತಪ್ಪು, ರಾಗ ಮಾತ್ರ ಎಲ್ಲೂ ತಪ್ಪಿರಲಿಲ್ಲ. ಅವಳು ನನ್ನೆದುರು ಹಾಡಿದ್ದು ಅದೇ ಕೊನೆ.

ನೀಲಾಗೆ ಆಗ ಹದಿನಾರು, ನನಗೆ ಇಪ್ಪತ್ತೆಂಟು. ಅಪ್ಪ, ಅವ್ವ ಇಬ್ಬರೂ ಹೋಗಿದ್ದರು. ಅವಳನ್ನು ನಾನೇ ಸಾಕಿದ್ದೆ. ಆ ಗಾಯಕನ ಕ್ಯಾಸೆಟ್‌ಗಳನ್ನು ಅವಳು ರೇಷ್ಮೆ ಸೀರೆಯ ಜೊತೆ ಟ್ರಂಕಿನಲ್ಲಿ ಇಡುತ್ತಿದ್ದಳು. ಅವನ ಹುಟ್ಟಿದ ದಿನ ಗೋಧಿ ಹುಗ್ಗಿ ಮಾಡಿ ಓಣಿಗೆಲ್ಲ ಹಂಚಿದ್ದಳು. ಏನು ವಿಶೇಷ ಎಂದು ಕೇಳಿದವರಿಗೆ, "ನಮ್ಮ ಸಂಬಂಧಿಕರದು ಒಂದು ಕಾರ್ಯ ಐತ್ರಿ" ಎಂದಿದ್ದಳು.

ಸೋಮವಾರ ಸೋಲಾಪುರದ ಬಸ್ಸಿನಲ್ಲಿ ಬಂದ ಪೇಪರಿನಲ್ಲಿ ಸುದ್ದಿ ಇತ್ತು. ಗಾಯಕ ತನ್ನ ತಂಡದ ಡೋಲಕ್ ವಾದಕನನ್ನು ಹೊಡೆದಿದ್ದ. ಆ ಮನುಷ್ಯನ ಒಂದು ಕಣ್ಣು ಹೋಗಿತ್ತು. ಪೊಲೀಸರು ಗಾಯಕನನ್ನು ಹಿಡಿದು ಜಾಮೀನಿನ ಮೇಲೆ ಬಿಟ್ಟಿದ್ದರು. ವಾರದೊಳಗೆ ಕ್ಯಾಸೆಟ್ ಅಂಗಡಿಯವರು ಅವನ ಪೋಸ್ಟರ್ ಕಿತ್ತುಹಾಕಿದರು. ನೀರಿಗೆ ಹೋದಲ್ಲಿ ಹುಡುಗಿಯರು, "ಏನವಾ ನೀಲಾ, ನಿಮ್ಮ ಸಂಬಂಧಿಕರು ಜೇಲಿಗೆ ಹೋದ್ರಂತಲ್ಲ" ಎಂದು ನಕ್ಕರು.

ನೀಲಾ ಅಳಲಿಲ್ಲ. ಪುಸ್ತಕ ಮುಟ್ಟುವುದನ್ನು ಬಿಟ್ಟಳು, ಒಂದೇ ಹೊತ್ತು ಉಣ್ಣತೊಡಗಿದಳು. ಒಂದು ದಿನ ನನ್ನ ಮುಂದೆ ಬಂದು ನಿಂತಳು.

"ಅಕ್ಕ, ಅವರ ಮನಿಗೆ ಫೋನ್ ಹಚ್ಚಿಕೊಡು. ನಾ ಅವರಿಗೆ ಒಂದ ಮಾತು ಕೇಳಬೇಕು."

"ಏನು ಕೇಳ್ತಿ?"

"ಅದು ಅವರಿಗೇ ಕೇಳ್ತೇನಿ. ನಿನಗ್ಯಾಕ?"

ಆಗಿನ್ನೂ ನಮ್ಮಲ್ಲಿ ಎಸ್.ಟಿ.ಡಿ. ಇರಲಿಲ್ಲ. ದೂರದ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಬೇಕು. ನಾವು ಗುಲಬರ್ಗಾ ಕೇಳಬೇಕು, ಗುಲಬರ್ಗಾದವರು ಬೊಂಬಾಯಿ ಕೇಳಬೇಕು. ಅದರಲ್ಲಿ ಪಿ.ಪಿ. ಕಾಲ್ ಎಂದು ಒಂದು ಬಗೆ ಇತ್ತು. ಹೆಸರು ಹೇಳಿದ ವ್ಯಕ್ತಿಯೇ ಫೋನಿಗೆ ಬಂದರೆ ಮಾತ್ರ ಮಾತು. ಬೇರೆ ಯಾರು ಎತ್ತಿದರೂ 'ಪಾರ್ಟಿ ಇಲ್ಲ' ಎಂದು ಬರೆದು ಕಾಲ್ ಮುಗಿಸುತ್ತಿದ್ದೆವು. ನಾನು ಬೊಂಬಾಯಿಯ ಎನ್‌ಕ್ವೈರಿಯಿಂದ ನಂಬರ್ ತೆಗೆಸಿದೆ. ಎರಡು ಸಲ ಸಿಗದಿದ್ದರೆ ತಾನೇ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ.

ಅವಳು ಸುಮ್ಮನಾಗಲಿಲ್ಲ. ಪ್ರತಿ ಶನಿವಾರ ತಲೆ ಬಾಚಿ, ಒಗೆದ ಲಂಗ ಉಟ್ಟು ಬಂದು ಎಕ್ಸ್‌ಚೇಂಜಿನ ಗಾಜಿನ ಬೂತಿನ ಹತ್ತಿರ ನಿಲ್ಲುತ್ತಿದ್ದಳು. ಆ ಕಡೆ ಯಾರೋ ಹೆಂಗಸು, "ಸಾಹೇಬರಿಲ್ಲ" ಎನ್ನುತ್ತಿದ್ದಳು. ನಮ್ಮ ಲೈನ್‌ಮನ್ ಖಾಜಾಸಾಹೇಬರು, "ಬಾಯಾರ, ಎಲ್ಲಾರೂ ಹಣಮಪ್ಪಗ ಶನಿವಾರ ಹಿಡಿತಾರ, ನಿಮ್ಮ ತಂಗಿ ಬಂಬೈ ಗವಾಯಿಗೆ ಹಿಡಿದಾಳಲ್ರಿ" ಎಂದು ನಗುತ್ತಿದ್ದರು. ನೀಲಾ ಅವರಿಗೂ ಉತ್ತರ ಕೊಡುತ್ತಿದ್ದಳು. "ಚಾಚಾ, ನಿಮ್ಮ ತಂತಿ ಗಟ್ಟಿ ಇದ್ರ ಇಷ್ಟೊತ್ತಿಗೆ ದೇವರು ಸಿಗ್ತಿದ್ದ."

ಏಳನೆಯ ಶನಿವಾರ ಗುಲಬರ್ಗಾದ ಆಪರೇಟರ್, "ಪಾರ್ಟಿ ಬಂದಾರ, ಮಾತಾಡಿಸ್ರಿ" ಎಂದು ಲೈನ್ ನನಗೆ ಬಿಟ್ಟಳು.

ಹೆಡ್‌ಫೋನಿನಲ್ಲಿ ಒಬ್ಬ ಗಂಡಸು ಕೆಮ್ಮಿದ. ಕ್ಯಾಸೆಟ್ಟಿನ ದನಿ ಅದಾಗಿರಲಿಲ್ಲ. ಜ್ವರ ಬಂದು ಎದ್ದವನ ದನಿಯ ಹಾಗಿತ್ತು. ಯಾರು ಎಂದು ಹಿಂದಿಯಲ್ಲಿ ಕೇಳಿದ. "ಬೈಯಲಿಕ್ಕೆ ಮಾಡಿದ್ದರೆ ಬೈದುಬಿಡಿ, ಕೇಳುತ್ತಿದ್ದೇನೆ" ಎಂದ. ಹೇಳಿ, ನಿಜವಾಗಿಯೂ ಕಾದ.

ಬೂತಿನ ತಂತಿಯ ಪ್ಲಗ್ ನನ್ನ ಕೈಯಲ್ಲಿತ್ತು. ಬೋರ್ಡಿಗೆ ಚುಚ್ಚಿದರೆ ನೀಲಾ ಮಾತಾಡಬಹುದಿತ್ತು. ಗಾಜಿನ ಆಚೆ ಅವಳು ಜಡೆಯನ್ನು ಮುಂದೆ ಹಾಕಿಕೊಂಡು, ಮತ್ತೆ ಹಿಂದೆ ಹಾಕಿಕೊಂಡು ನಿಂತಿದ್ದಳು. ಅವನು ಹೊಡೆದಿಲ್ಲ ಎಂದರೆ ಇವಳು ಜೀವಮಾನವಿಡೀ ನಂಬುತ್ತಾಳೆ; ಹೊಡೆದೆ ಎಂದರೆ ಕ್ಷಮಿಸಿಬಿಡುತ್ತಾಳೆ. ಎರಡೂ ನನಗೆ ಬೇಡವಾಗಿತ್ತು. ನನಗೆ ನನ್ನ ತಂಗಿ ಮೊದಲಿನ ಹಾಗೆ ಬೇಕಾಗಿತ್ತು. ಲೈನ್ ಕತ್ತರಿಸಿದೆ.

"ಸಿಗಲಿಲ್ಲೇನಕ್ಕ?"

"ಊರಾಗಿಲ್ಲಂತ."

"ಇವತ್ತ ಭಾಳ ಹೊತ್ತು ಹಿಡಕೊಂಡಿದ್ದಿ ಮತ್ತ."

"ಗುಲಬರ್ಗಾ ಲೈನ್ ಖರಾಬ್ ಐತಿ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಮನೆಗೆ ಹೋದಳು. ಮರುವಾರ ಬುತ್ತಿ ತಂದಳು, ಫೋನಿನ ಮಾತು ತೆಗೆಯಲಿಲ್ಲ. ಮತ್ತೆ ಎಂದೂ ತೆಗೆಯಲಿಲ್ಲ. ಹೊಟ್ಟೆತುಂಬ ಉಂಡಳು, ಓದಿದಳು, ಪಾಸಾದಳು. ನಾನು ಮಾಡಿದ್ದು ಸರಿಯಾಯಿತು ಎಂದು ಎಷ್ಟೋ ವರ್ಷ ಅಂದುಕೊಂಡೆ. ಅವಳು ಟೀಚರ್ ಆಗಿ ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಮನೆ ಮಾಡಿದಳು. ರಜೆಗೆ ಹೋದಾಗ ಆ ಮನೆಯಲ್ಲಿ ಮಕ್ಕಳ ಗಲಾಟೆ ಇರುತ್ತಿತ್ತು, ನಗೆ ಇರುತ್ತಿತ್ತು. ಅಡುಗೆ ಮಾಡುತ್ತ ಅವಳು ಗುನುಗುವುದನ್ನು ಮಾತ್ರ ಕೇಳಲಿಲ್ಲ. ಅವಳ ಶಾಲೆಯ ಹೆಣ್ಣುಮಕ್ಕಳೇ ಒಮ್ಮೆ ನನಗೆ, "ನಮ್ಮ ಟೀಚರ್‌ಗೆ ಹಾಡಾಕ ಬರಂಗಿಲ್ರಿ" ಎಂದವು.

ಹೋದ ವರ್ಷ ಕಿಡ್ನಿ ಕೆಟ್ಟು ನೀಲಾ ಕಲಬುರಗಿಯ ಆಸ್ಪತ್ರೆ ಸೇರಿದಳು. ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕ ಕೂತು ಕೇಳಿದೆ: "ಆವಾಗ ಅವರು ಫೋನಿಗೆ ಬಂದಿದ್ರ ಏನು ಕೇಳ್ತಿದ್ದಿ?" ಅವತ್ತು ಅವರು ಬಂದಿದ್ದರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. "ಈಗ್ಯಾಕ ಬೇ ಅಕ್ಕ. ಆವಾಗ ಲೈನ್ ಕೊಡಬೇಕಿತ್ತು."

ಅವಳಿಗೆ ಗೊತ್ತಿತ್ತೋ, ಸುಮ್ಮನೆ ಅಂದಳೋ ತಿಳಿಯದು. ಹನ್ನೊಂದನೆಯ ದಿನ ತೀರಿಕೊಂಡಳು.

ಆಪರೇಟರ್ ತಂತಿ ಕೂಡಿಸಬೇಕು; ಯಾರ ಮಾತಿನಿಂದ ಯಾರಿಗೆ ಒಳಿತು ಎಂದು ತೂಗಬಾರದು. ಟ್ರೇನಿಂಗಿನ ಮೊದಲ ದಿನವೇ ಇದನ್ನು ಹೇಳಿಕೊಟ್ಟಿದ್ದರು. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಒಂದೇ ಸಲ ತೂಗಿದೆ. ಅವಳು ಅವನನ್ನು ಏನು ಕೇಳಬೇಕೆಂದಿದ್ದಳೋ, ಅದು ನನಗೆ ಇಂದಿಗೂ ಗೊತ್ತಿಲ್ಲ.